ನಕ್ಷತ್ರನೌಕೆಗೊಂದು ಬಸ್ ಸ್ಟಾಪು

ಹೋದ ವಾರ ಅಡುಗೆಮನೆಯ ಶೆಲ್ಫು ಒರೆಸೋಣವೆಂದು ಡಬ್ಬಿಗಳನ್ನೆಲ್ಲ ಕೆಳಗಿಳಿಸುತ್ತಿದ್ದೆ. ತೊಗರಿಬೇಳೆ ಡಬ್ಬಿಯ ಅಡಿಗೆ ಹಾಸಿದ್ದ ದಪ್ಪ ಹಾಳೆಯ ಮೇಲೆ ನನ್ನದೇ ಗೆರೆಗಳು ಕಂಡವು. ಎಳೆದು ನೋಡಿದರೆ ನಕ್ಷತ್ರನೌಕೆ! ಕ್ಯಾಪ್ಟನ್ನರ ಮಲಗುವ ಕೋಣೆಯ ಮೇಲೆ ಖಾರದಪುಡಿ ಡಬ್ಬಿಯ ದುಂಡನೆಯ ಗುರುತು. ಇಂಜಿನ್ ರೂಮಿನ ತುಂಬ ಅರಿಶಿನ. ಕೆಳಗಿನ ಡೆಕ್ಕಿನ ಮೂಲೆಯೊಂದರ ಮೇಲೆ ಮಾತ್ರ ಅಡುಗೆಮನೆಗೆ ಸಂಬಂಧವಿಲ್ಲದ ಬಣ್ಣ: ಕೆಂಪು ಪೆನ್ಸಿಲಿನಲ್ಲಿ ಎಳೆದ ದೊಡ್ಡದೊಂದು ಇಂಟು ಮಾರ್ಕು. ಬೆಳಕಿಗಿಂತ ಜೋರಾಗಿ ಓಡಬೇಕಿದ್ದ ಹಡಗು ಇಷ್ಟು ದಿನ ನಮ್ಮ ಬೇಳೆಕಾಳು ಹೊತ್ತುಕೊಂಡು ಶೆಲ್ಫಿನ ಮೇಲೆ ಬಿದ್ದುಕೊಂಡಿತ್ತು.

ಹಾಸಿದವಳು ಅವ್ವ. "ಅದನ್ಯಾಕ ತೆಗಿತಿ? ಆ ಹಾಳಿ ಹಾಕಿದಾಗಿಂದ ಒಂದು ಜಿರಳಿ ಬಂದಿಲ್ಲ" ಎಂದಳು. ನನ್ನ ನಕ್ಷೆಗಳಿಗೆ ಇದುವರೆಗೆ ಸಿಕ್ಕ ಹೊಗಳಿಕೆಗಳಲ್ಲಿ ಇದರಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ.

ಈ ಹಡಗಿನ ಕತೆ ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅದಕ್ಕೂ ಮೊದಲು ನಾನು ಯಾರೆಂದು ಹೇಳಬೇಕು. ಏಕೆಂದರೆ ನನ್ನ ಹೆಸರು ನೀವು ಎಲ್ಲಿಯೂ ಓದಿರುವುದಿಲ್ಲ. ಸುಜಾತಾ ಅಂತ. ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದೆ ಝೆರಾಕ್ಸ್ ಅಂಗಡಿಯೊಂದರ ಮಾಳಿಗೆಯಲ್ಲಿ ಕೂತು ಮನೆಗಳ ಪ್ಲಾನು ಬರೆಯುವವಳು. ಬರೆಯುವವಳು ನಾನು, ಸಹಿ ಹಾಕುವವರು ಲೈಸೆನ್ಸ್ ಇರುವ ಇಂಜಿನಿಯರು. ಹಾಳೆಯ ಬಲತುದಿಯಲ್ಲಿ ಒಂದು ಚೌಕ ಇರುತ್ತದಲ್ಲ, ಮನೆಯ ಮಾಲೀಕರ ಹೆಸರು, ಇಂಜಿನಿಯರ ಹೆಸರು, ದಿಕ್ಕಿನ ಬಾಣ ಎಲ್ಲ ಇರುವುದು, ಆ ಚೌಕವನ್ನು ಎಳೆಯುವವಳೂ ನಾನೇ. ಬಾಣಕ್ಕೂ ಅದರಲ್ಲಿ ಜಾಗವಿದೆ, ನನಗಿಲ್ಲ. ಈ ಊರಿನ ಯಾವ ಓಣಿ ಹೊಕ್ಕರೂ ನನ್ನ ಗೆರೆಯ ಮೇಲೆ ಎದ್ದ ಒಂದಾದರೂ ಮನೆ ಸಿಗುತ್ತದೆ. ನನ್ನ ಹೆಸರಿರುವ ಒಂದು ಹಾಳೆ ಹುಡುಕಿಕೊಡಿ ನೋಡೋಣ.

ಮನೆ ಕಟ್ಟಿಸುವವರ ಆಸೆಗಳನ್ನು ಕೇಳಿ ಕೇಳಿ ನನ್ನ ಕಿವಿಗಳು ಪಳಗಿಹೋಗಿವೆ. ಕಂಪ್ಲಿಯ ಅಕ್ಕಿ ಗಿರಣಿಯವರಿಗೆ ಮನೆಯೂ ಗೋದಾಮಿನ ಹಾಗೇ ಇರಬೇಕು, ಇಲ್ಲದಿದ್ದರೆ ಉಸಿರು ಕಟ್ಟುತ್ತದಂತೆ. ಹಂಪಿ ದಾರಿಯ ಹೋಂಸ್ಟೇಯವರು ನಿನ್ನೆ ಎರಕ ಹೊಯ್ದ ಸಿಮೆಂಟ್ ಕಂಬಕ್ಕೆ ಅರಸರ ಕಾಲದ ಮುಖ ಬರಿಸು ಅನ್ನುತ್ತಾರೆ. ಸಂಡೂರಿನ ಲಾರಿ ಮಾಲೀಕರು ಲಾರಿ ಸಲೀಸಾಗಿ ತಿರುಗುವಂಥ ಅಂಗಳ ಕೇಳಿ, ತಾವು ತಿರುಗಲಾಗದಂಥ ಬಚ್ಚಲಿಗೆ ಒಪ್ಪಿಕೊಳ್ಳುತ್ತಾರೆ. ಇಷ್ಟೆಲ್ಲ ಕಂಡವಳಿಗೆ ಆಕಾಶದಲ್ಲಿ ಹಾರುವ ಮನೆಯೊಂದು ಹೊಸತೇನೂ ಅನ್ನಿಸಬಾರದಿತ್ತು.

ಅದನ್ನು ಕೇಳಿದವರು ಜಿ.ಎಂ. ಸಾಹೇಬರು. ದೊಡ್ಡ ಕಾರ್ಖಾನೆಯೊಂದರಲ್ಲಿ ಜನರಲ್ ಮ್ಯಾನೇಜರಾಗಿದ್ದು ನಿವೃತ್ತರಾದವರು. ಹುದ್ದೆ ಬಿಟ್ಟರೂ ಹುದ್ದೆಯ ಹೆಸರು ಅವರನ್ನು ಬಿಟ್ಟಿಲ್ಲ, ಹೆಂಡತಿಯೂ ಹಾಗೇ ಕರೆಯುತ್ತಾರೆ. ಹೊಸಪೇಟೆಯಲ್ಲಿ ಅವರು ಕಟ್ಟಿಸಿದ ಮನೆಯ ಪ್ಲಾನು ನನ್ನದೇ. ನಿವೃತ್ತಿಯಾದವರು ಸಾಮಾನ್ಯವಾಗಿ ವಾಕಿಂಗ್ ಹೋಗುತ್ತಾರೆ. ಇವರು ಕಾದಂಬರಿ ಬರೆದರು. ಮೂರು ತಲೆಮಾರು ಹಾರಿದರೂ ತಲುಪದಷ್ಟು ದೂರದ ನಕ್ಷತ್ರವೊಂದಕ್ಕೆ ಹೊರಟ ಹಡಗಿನ ಕತೆ. ಹಡಗಿನ ಹೆಸರು 'ಗಗನತುಂಗೆ'. ಪುಸ್ತಕದ ನಡುವೆ ಪ್ರತಿ ಡೆಕ್ಕಿನ ನಕ್ಷೆ ಇರಬೇಕು, ಯಾರು ಎಲ್ಲಿ ಮಲಗುತ್ತಾರೆ, ಎಲ್ಲಿ ಉಣ್ಣುತ್ತಾರೆ ಎಲ್ಲ ಓದುಗರಿಗೆ ಕಾಣಬೇಕು ಎಂಬುದು ಅವರ ಹಟ.

"ನೋಡಮ್ಮ, ರೊಕ್ಕದ ಮಾತು ಆಮ್ಯಾಲ. ಮೊದ್ಲು ಇದು ಕೇಳು. ಪುಸ್ತಕದಾಗ ನಿನ್ ಹೆಸರು ಹಾಕಸ್ತೀನಿ. 'ನಕ್ಷೆ: ಸುಜಾತಾ' ಅಂತ. ಅಚ್ಚಾಗಿ ಬರ್ತೈತಿ" ಎಂದರು.

ರೊಕ್ಕದ ಮಾತು ಆಮೇಲೆಯೂ ಬರಲಿಲ್ಲ, ನಾನು ಕೇಳಲೂ ಇಲ್ಲ. ಅಚ್ಚಾಗುವ ಹೆಸರೊಂದೇ ತಲೆಯಲ್ಲಿ ಕೂತಿತ್ತು. ಆ ದಿನ ಮನೆಗೆ ಹೋಗುವಾಗ ಅಂಗಡಿ ಬೋರ್ಡುಗಳ ಅಕ್ಷರಗಳನ್ನೆಲ್ಲ ನೋಡುತ್ತ, ನನ್ನ ಹೆಸರಿಗೆ ಯಾವ ಥರದ್ದು ಒಪ್ಪುತ್ತದೆಂದು ಆರಿಸುತ್ತ ಹೋದೆ. ಮೂರು ಅಕ್ಷರದ ಹೆಸರಿನೊಳಗೆ ಎಷ್ಟು ಹೆಮ್ಮೆ ಹಿಡಿಸುತ್ತದೆ ಅಂತ ನನಗೇ ಗೊತ್ತಿರಲಿಲ್ಲ.

ಮಾರನೆಯ ದಿನ ಅವರ ಮುಂದೆ ಹಾಳೆ ಹರಡಿ ನಾನು ಕೇಳಿದ ಮೊದಲ ಪ್ರಶ್ನೆ, "ಸಾರ್, ರಸ್ತೆ ಯಾವ ಕಡಿಗೆ ಬರ್ತೈತ್ರೀ?"

ನಗಿ, ಪರವಾಗಿಲ್ಲ. ಕೈ ಅಭ್ಯಾಸ ಕೇಳಬೇಕಲ್ಲ. ಹಡಗಿನ ಸುತ್ತ ನಗರಸಭೆಯ ನಿಯಮದ ಪ್ರಕಾರ ಜಾಗ ಬಿಟ್ಟೆ. ಮೂಲೆಯಲ್ಲಿ ಮಳೆನೀರು ಇಳಿಯುವ ಪೈಪು ಹಾಕಿದೆ. ನೆಲದಡಿಯ ನೀರಿನ ತೊಟ್ಟಿಯನ್ನೂ ಬರೆದು, ಅದು ನೆಲವೇ ಇಲ್ಲದ ಜಾಗ ಎಂಬುದು ಮುಚ್ಚಳ ಬರೆಯುವಾಗ ನೆನಪಾಗಿ ಅಳಿಸಿದೆ. ಸಾಹೇಬರಾದರೂ ತಿದ್ದುತ್ತಾರೇನೋ ಅಂದುಕೊಂಡರೆ ಅವರು ಕೇಳಿದ್ದು, "ಈಶಾನ್ಯ ಎಲ್ಲಿ ತೋರ್ಸೀಯಮ್ಮ?"

"ಬಾಹ್ಯಾಕಾಶದಾಗ ಈಶಾನ್ಯ ಇರ್ತೈತೇನ್ ಸಾರ್?"

"ದೇವರ ಕೋಣಿ ಇರೋ ಕಡಿಗೆ ಈಶಾನ್ಯ ಅಂತ ತಿಳ್ಕೋ. ಮಿಕ್ಕಿದ್ದು ಅದರ ಲೆಕ್ಕದಾಗ ತಗೊಂಡ್ರಾತು."

ನಮ್ಮ ಮನೆಯ ಗೋಡೆಯ ಮೇಲೊಂದು ಬುದ್ಧನ ಪಟವಿದೆ. ಮೊಳೆ ಎಲ್ಲಿ ಗಟ್ಟಿಯಾಗಿ ಕೂತಿತೋ ಅಲ್ಲಿ ತೂಗುಹಾಕಿದ್ದೇವೆ. ಹಾಗಾಗಿ ವಾಸ್ತುವಿನ ಇಂಥ ಸೂಕ್ಷ್ಮಗಳು ನನಗೆ ಹೊಳೆಯುವುದಿಲ್ಲ. ಬಾಯಿ ಮುಚ್ಚಿಕೊಂಡು ಬಾಣ ಎಳೆದೆ.

ಮುಂದೆ ಅಡುಗೆಮನೆಯ ಸರದಿ. ಒಂದಲ್ಲ, ಎರಡು. ಸಸ್ಯಾಹಾರಿಗಳದ್ದು ಮೇಲಿನ ಡೆಕ್ಕಿನ ನಡುವಿಗೆ, ಮಾಂಸಾಹಾರಿಗಳದ್ದು ಅದೇ ಡೆಕ್ಕಿನ ಮೂಲೆಗೆ. ನಡುವೆ ಎಂಥ ಗೋಡೆ ಹಾಕಬೇಕೆಂದು ಸಾಹೇಬರು ಬಹಳ ಯೋಚಿಸಿ, ಎರಡು ಗೋಡೆ ಕಟ್ಟಿ ನಡುವಿನ ಗಾಳಿಯನ್ನೆಲ್ಲ ಹೀರಿ ತೆಗೆದರೆ ವಾಸನೆ ದಾಟುವುದಿಲ್ಲ ಎಂಬ ವಿಜ್ಞಾನವನ್ನು ಕಂಡುಹಿಡಿದರು. ಭೂಮಿಯನ್ನು ಬಿಟ್ಟು, ಸೂರ್ಯನನ್ನು ಬಿಟ್ಟು ಅಷ್ಟು ದೂರ ಹೋದರೂ ಪಕ್ಕದ ಮನೆಯ ಮಟನ್ ಸಾರನ್ನು ಬಿಟ್ಟು ಹೋಗುವುದು ಹೇಗೆಂಬ ಚಿಂತೆ ಅವರನ್ನು ಬಿಟ್ಟಿರಲಿಲ್ಲ. ಅವರ ಹೆಂಡತಿ ಚಹಾ ತಂದಿಟ್ಟು ನಕ್ಷೆಯನ್ನು ಬಗ್ಗಿ ನೋಡಿ, "ಉಪ್ಪಿನಕಾಯಿ ಭರಣಿ ಇಡಾಕ ಜಾಗ ಎಲ್ಲೈತಮ್ಮ? ಇವ್ರಿಗೆ ಅದಿಲ್ದ ಒಂದು ತುತ್ತು ಇಳಿಯಂಗಿಲ್ಲ" ಎಂದರು. ಇಡೀ ಹಡಗಿನಲ್ಲಿ ತಲೆ ಓಡಿಸಿ ಕೇಳಿದ ಪ್ರಶ್ನೆ ಅದೊಂದೇ. ಭರಣಿಗೆ ಗೂಡು ಕೊಟ್ಟೆ.

ಕ್ಯಾಪ್ಟನ್ನರ ಕೋಣೆಗೆ ಬಾಲ್ಕನಿ ಬೇಕೆಂದರು. ಕ್ಯಾಪ್ಟನ್ ಯಾರೆಂದು ನಿಮಗೆ ಹೇಳಬೇಕಿಲ್ಲ. ಕಾದಂಬರಿಯಲ್ಲಿ ಅವನಿಗೂ ಸಾಹೇಬರ ಹಾಗೇ ಬಿಳಿ ಮೀಸೆ, ಅವನಿಗೂ ಚಹಾಕ್ಕೆ ಸಕ್ಕರೆ ಬೇಡ. ಬಾಲ್ಕನಿಯಲ್ಲಿ ಹಿತ್ತಾಳೆ ಸರಪಳಿಯ ತೂಗುಯ್ಯಾಲೆ. ಅಂತರಿಕ್ಷದಲ್ಲಿ ತೂಕವೇ ಇಲ್ಲದಿರುವಾಗ ಉಯ್ಯಾಲೆ ತೂಗುವುದು ಹೇಗೆಂದು ಕೇಳಿದೆ. ಒಂದು ದಿನ ಅವಕಾಶ ಕೇಳಿದರು. ಮರುದಿನ ಹಡಗಿಗೆ ಕೃತಕ ಗುರುತ್ವಾಕರ್ಷಣೆ ಬಂತು. ಬೇರೆ ಲೇಖಕರು ಮನುಷ್ಯರು ನಡೆದಾಡಲಿ ಅಂತ ಅದನ್ನು ಹಾಕಿರುತ್ತಾರೆ, ನಮ್ಮ ಸಾಹೇಬರು ಉಯ್ಯಾಲೆಗಾಗಿ ಹಾಕಿದರು.

ನನಗೆ ಅಂಥದ್ದೊಂದು ಉಯ್ಯಾಲೆ ಚೆನ್ನಾಗಿ ಗೊತ್ತು.

ನಾನು ಬೆಳೆದದ್ದು ವಡ್ಡು ಎಂಬ ಹಳ್ಳಿಯಲ್ಲಿ. ಅವ್ವ ಹುಲಿಗೆವ್ವ, ಕಂಪನಿ ಟೌನ್‌ಶಿಪ್ಪಿನಲ್ಲಿ ಕಸ ಹೊಡೆಯುವ ಗುತ್ತಿಗೆ ಕೆಲಸದವಳು. ಅಧಿಕಾರಿಗಳ ಒಂದು ಬಂಗಲೆಯಲ್ಲಿ ಮೇಲಿನ ಕೆಲಸಕ್ಕೂ ಹೋಗುತ್ತಿದ್ದಳು. ಆ ಮನೆಯ ಹಿತ್ತಾಳೆ ಸರಪಳಿಯನ್ನು ಹುಣಸೆಹಣ್ಣು ಹಚ್ಚಿ ಕೊಂಡಿ ಕೊಂಡಿಯಾಗಿ ತಿಕ್ಕುವುದು ಅವಳ ಶನಿವಾರದ ಪಾಲು. ರಜೆಯಿದ್ದಾಗ ನನ್ನನ್ನೂ ಕರೆದೊಯ್ಯುವಳು. ನಾನು ಉಯ್ಯಾಲೆಯ ಹಲಗೆಯನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಕಣ್ಣಲ್ಲೇ ಗದರುವಳು. ತಾನೂ ಕೂತವಳಲ್ಲ. ತಿಕ್ಕಲು ಕೂತರೆ ಸುಲಭವಾಗುತ್ತಿತ್ತು, ಆದರೂ ನಿಂತೇ ತಿಕ್ಕುವಳು. ಸರಪಳಿ ಹೊಳೆಯತೊಡಗಿದಾಗ ಒಮ್ಮೆ ಹಲಗೆಯನ್ನು ಖಾಲಿಯಾಗಿ ತೂಗಿಬಿಟ್ಟು, ಕಿರುಗುಡುತ್ತದೋ ಎಂದು ಕಿವಿಗೊಟ್ಟು ಕೇಳುವಳು.

ಟೌನ್‌ಶಿಪ್ಪಿನಲ್ಲಿ ಎ ಟೈಪು, ಬಿ ಟೈಪು, ಸಿ ಟೈಪು ಎಂದು ಕ್ವಾರ್ಟರ್ಸುಗಳು. ಯಾವ ಟೈಪು ಎಂದು ಕೇಳಿದರೆ ಗಂಡನ ಹುದ್ದೆ, ಹೆಂಡತಿಯ ಸೀರೆ, ಮಕ್ಕಳ ಸೈಕಲ್ಲು ಎಲ್ಲ ತಿಳಿದುಹೋಗುತ್ತಿತ್ತು. ನಮ್ಮವರದ್ದು ಯಾವ ಟೈಪೂ ಅಲ್ಲ. ನಮ್ಮವರು ಅಪ್ ಡೌನ್ ಮಾಡುವವರು. ಈ ಸೀಮೆಯಲ್ಲಿ ಈ ಮಾತು ಗೊತ್ತಿಲ್ಲದವರಿಲ್ಲ: ಬೆಳಗ್ಗೆ ಬಸ್ಸಿಗೋ ಟೆಂಪೊಗೋ ನೇತುಬಿದ್ದು ಬಂದು, ದುಡಿದು, ಸಂಜೆ ಹಾಗೇ ನೇತುಬಿದ್ದು ಹೋಗುವವರು. ಗೇಟಿನೆದುರು ಟೆಂಪೊ ಕಾಯುವ ಜಾಗದಲ್ಲಿ ನೆರಳಿರಲಿಲ್ಲ. ಅದಿರಿನ ಲಾರಿ ಹಾದಾಗಲೆಲ್ಲ ಕೆಂಪು ಧೂಳು. ಅವ್ವ ಕಾಯುತ್ತ ನಿಂತಿರುವಾಗ ನಾನು ಆ ಧೂಳಿನಲ್ಲಿ ಕಡ್ಡಿ ಹಿಡಿದು ಮನೆ ಬರೆಯುತ್ತಿದ್ದೆ: ಇಲ್ಲಿ ಬಾಗಿಲು, ಇಲ್ಲಿ ಬಚ್ಚಲು, ಇಲ್ಲಿ ಅವ್ವನ ಉಯ್ಯಾಲೆ. ಇನ್ನೊಂದು ಲಾರಿ ಬಂದರೆ ಮನೆ ಹೋಯಿತು. ನಾನು ಬರೆದ ಪ್ಲಾನುಗಳಲ್ಲಿ ಯಾರ ಸಹಿಯೂ ಬೇಡದೇ ಇದ್ದದ್ದು ಅವಷ್ಟೇ.

ಹಡಗಿಗೆ ಬರೋಣ. ಎಲ್ಲ ಡೆಕ್ಕುಗಳೂ ಮುಗಿಯುತ್ತ ಬಂದವು. ಎ ಟೈಪು ಅಧಿಕಾರಿಗಳಿಗೆ, ಬಿ ಟೈಪು ವಿಜ್ಞಾನಿಗಳಿಗೆ, ಸಿ ಟೈಪು ಮೆಕ್ಯಾನಿಕ್ಕುಗಳಿಗೆ. ಹೌದು, ನಕ್ಷತ್ರಗಳ ನಡುವೆಯೂ ಎ, ಬಿ, ಸಿ. ಹಸ್ತಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಪಾತ್ರಗಳಿಗೆಲ್ಲ ಹಾಸಿಗೆ ಹಂಚುತ್ತಿದ್ದವಳಿಗೆ, ಕತೆಯಲ್ಲಿ ಆಗಾಗ ಹಿಂದಿನಿಂದ ಹಾದುಹೋಗುವ ಕೆಲವರು ಉಳಿದದ್ದು ಕಂಡಿತು. ನೆಲ ಒರೆಸುವವರು, ಸಂಡಾಸು ತೊಳೆಯುವವರು. ಅವರಿಗೆ ಹೆಸರಿಲ್ಲ, 'ಸ್ವಚ್ಛತಾ ಸಿಬ್ಬಂದಿ ನಮಸ್ಕರಿಸಿ ಸರಿದು ನಿಂತರು' ಎಂದಷ್ಟೇ ಬರುತ್ತದೆ.

"ಸಾರ್, ಇವ್ರ ಕ್ವಾರ್ಟರ್ಸ್ ಯಾವ ಡೆಕ್‌ನಾಗ ಹಾಕ್ಲಿ?"

"ಅವ್ರು ಕಾಂಟ್ರ್ಯಾಕ್ಟ್‌ನವ್ರಮ್ಮ. ರೋಲ್‌ನಾಗ ಇಲ್ಲ."

"ರೋಲ್‌ನಾಗ ಇಲ್ದಿದ್ರೂ ಹಡಗಿನಾಗ ಅದಾರಲ್ರೀ. ಮಕ್ಕೊಳ್ಳಾದು ಎಲ್ಲಿ?"

"ಅವ್ರು ಅಪ್ ಡೌನ್ ಮಾಡ್ತಾರ."

ನಗುತ್ತಾರೆಂದು ಕಾದೆ. ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಉಯ್ಯಾಲೆಯ ಅಳತೆ ನೋಡುತ್ತಿದ್ದರು.

"ಎಲ್ಲಿಂದ ಸಾರ್?"

"ಅದೇ, ಸುತ್ತಮುತ್ತಲ ಹಳ್ಳಿಯಿಂದ."

ಸುತ್ತಮುತ್ತ ಏನಿತ್ತು ಎಂದು ಅವರೇ ಬರೆದಿದ್ದರು. ಮೂರು ತಲೆಮಾರಿನ ಕತ್ತಲೆ, ಒಂದು ಧೂಮಕೇತು. ವಿಜ್ಞಾನವನ್ನು ಅರೆದು ಕುಡಿದವರು, ಹಡಗಿಗೆ ಇಂಧನ ಎಷ್ಟು ಬೇಕೆಂದು ಪುಟಗಟ್ಟಲೆ ಲೆಕ್ಕ ಹಾಕಿದವರು. ಆದರೆ ದುಡಿಯುವ ಜನ ಬೆಳಗ್ಗೆ ಎಲ್ಲಿಂದಲೋ ಬರುತ್ತಾರೆ, ಸಂಜೆ ಎಲ್ಲಿಗೋ ಹೋಗುತ್ತಾರೆ ಎಂಬುದು ಅವರ ತಲೆಯಲ್ಲಿ ಗುರುತ್ವಾಕರ್ಷಣೆಗಿಂತ ಗಟ್ಟಿಯಾದ ನಿಯಮವಾಗಿ ಕೂತುಬಿಟ್ಟಿತ್ತು. ಗುರುತ್ವವನ್ನಾದರೂ ಪ್ರಶ್ನೆ ಕೇಳಿದ ಮೇಲೆ ಒಂದು ದಿನ ಕೂತು ಯೋಚಿಸಿದ್ದರು.

ನನಗೆ ಸಿಟ್ಟು ಬಂತು. ಬಂದ ಸಿಟ್ಟನ್ನು ಬಾಯಿಗೆ ತರಲಿಲ್ಲ, ಅಚ್ಚಿನ ಹೆಸರು ಅಡ್ಡ ಬಂತು. ಕೇಳದೇ ಮಾಡಿಬಿಡೋಣ ಅಂದುಕೊಂಡು ಕೆಳಗಿನ ಡೆಕ್ಕಿನ ಮೂಲೆಯಲ್ಲಿ ಒಂದು ಸಾಲು ಕೋಣೆ ಬರೆದೆ. ಇಷ್ಟು ಪ್ರೀತಿಯಿಂದ ಯಾವ ಬಂಗಲೆಯನ್ನೂ ಬರೆದವಳಲ್ಲ ನಾನು. ಪ್ರತಿ ಕೋಣೆಗೂ ಕಿಟಕಿ, ಸೀರೆ ಒಣಹಾಕಲು ತಂತಿ, ಕನ್ನಡಿಗೊಂದು ಮೊಳೆ, ಹೊರಗೆ ಸಂಜೆ ಕೂತು ಮಾತಾಡಲು ಉದ್ದನೆಯ ಕಟ್ಟೆ.

ಸಾಹೇಬರು ನೋಡಿದರು. ಕೆಂಪು ಪೆನ್ಸಿಲು ತೆಗೆದರು.

"ಇದು ಬ್ಯಾಡ. ಇಲ್ಲಿ ಬ್ಯಾಡ್ಮಿಂಟನ್ ಆಡಾಕ ಶಟಲ್ ಕೋರ್ಟ್ ಹಾಕು. ಆಫೀಸರ್ಸ್‌ಗೆ ರಿಕ್ರಿಯೇಷನ್ ಬೇಕಲ್ಲ?"

"ಇವ್ರಿಗೆ ಒಂದೀಟು ಜಾಗ ಇದ್ರ ಕತಿಗೇನ್ ತೊಂದ್ರಿ ಸಾರ್?"

"ನಿಂಗ ಗೊತ್ತಾಗಲ್ಲಮ್ಮ. ಒಂದ್ಸಲ ಕ್ವಾರ್ಟರ್ಸ್ ಕೊಟ್ರ ಪರ್ಮನೆಂಟ್ ಮಾಡ್ರಿ ಅಂತಾರ."

ಇಂಟು ಮಾರ್ಕು ಎಳೆದರು. ತೊಗರಿಬೇಳೆ ಡಬ್ಬಿಯಡಿಯ ಹಾಳೆ ಅದೇ.

ಆ ಮಾತು ಕೇಳಿದ ಮೇಲೆ ನನಗೊಂದು ತರಲೆ ಬುದ್ಧಿ ಹುಟ್ಟಿತು. ಅಪ್ ಡೌನ್ ಮಾಡುವವರಿಗೆ ಬೇಕಾದದ್ದೇನು? ಬಸ್ ಸ್ಟಾಪು. ಸರಿ, ಕೆಳಗಿನ ಡೆಕ್ಕಿನ ಹೊರಬಾಗಿಲ ಪಕ್ಕ, ಅತ್ತ ಕಡೆ ಉಸಿರಾಡಲು ಗಾಳಿಯೂ ಇಲ್ಲದ ಜಾಗಕ್ಕೆ ಅಂಟಿಕೊಂಡಂತೆ, ಅಚ್ಚುಕಟ್ಟಾಗಿ ಒಂದು ಬಸ್ ಸ್ಟಾಪು ಬರೆದೆ. ಮೇಲೆ ತಗಡಿನ ಸೂರು, ಪಕ್ಕದಲ್ಲಿ ಕಂಬ, ಕಂಬಕ್ಕೊಂದು ಬೋರ್ಡು. ಬೋರ್ಡು ಖಾಲಿ ಇದ್ದರೆ ಚೆಂದವಲ್ಲವೆಂದು ಅದರ ಮೇಲೆ 'ಹುಲಿಗೆವ್ವ' ಎಂದು ಬರೆದೆ. ಕೆಳಗೆ ಬಲತುದಿಯ ಚೌಕದಲ್ಲಿ ನನ್ನ ಹೆಸರು ಹೇಗೂ ಬರುತ್ತದಲ್ಲ, ಅವ್ವನದ್ದೂ ಒಂದು ಇರಲಿ ಎಂಬ ಧಾರಾಳ. ಸಾಹೇಬರು ಇದನ್ನು ಕಂಡು ಮೊದಲು ಸಿಟ್ಟಾಗಲಿ, ಆಮೇಲೆ ಸ್ವಲ್ಪ ನಾಚಲಿ ಎಂಬುದು ನನ್ನ ಲೆಕ್ಕ.

ಅವರು ಹಾಳೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಮುಖ ಅರಳಿತು.

"ಭಾಳ ಮಸ್ತ್ ಆಗೈತಿ! ನೋಡು, ನಾನು ಹೇಳಿದ್ದು ನಿನ್ ತಲಿಗೆ ಹೋತು. ಲೇಬರ್‌ಗೆ ಅನುಕೂಲ ಆತು. ಊರಿನ ಹೆಸರು ಸೈತ ಹಾಕೀಯಲ್ಲ!"

ಕೊಂಕು ಅರ್ಥವಾಗದವರ ಮುಂದೆ ಕೊಂಕಾಡಿದವಳ ಪಾಡು ಹೇಗಿರುತ್ತದೆಂದು ಅವತ್ತು ತಿಳಿಯಿತು. "ಹ್ಞೂಂ ಸಾರ್" ಎಂದು ಚಹಾ ಕುಡಿದು ಬಂದೆ.

ಪುಸ್ತಕ ಬಿಡುಗಡೆ ಹೊಸಪೇಟೆಯಲ್ಲೇ ಆಯಿತು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಕರೆದರೆ ವೇದಿಕೆಗೆ ಹೋಗಲು ಅನುಕೂಲವಾಗಲೆಂದು ಸಾಲಿನ ತುದಿಯ ಕುರ್ಚಿ ಹಿಡಿದೆ. ಮಾತಿಗೆ ನಿಂತ ಉಪನ್ಯಾಸಕರೊಬ್ಬರು ನಕ್ಷೆಯ ಪುಟ ತೆರೆದು ಸಭೆಗೆ ಎತ್ತಿ ತೋರಿಸಿ, "ಲೇಖಕರ ಜನಪರ ಕಾಳಜಿಗೆ ಈ ಬಸ್ ನಿಲ್ದಾಣವೇ ಸಾಕ್ಷಿ" ಎಂದರು. ಚಪ್ಪಾಳೆ ಬಿತ್ತು. ಬಸ್ಸು ಯಾವ ಕಡೆಯಿಂದ ಬರುತ್ತದೆಂದು ತುಂಬಿದ ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ. ನನ್ನನ್ನೂ ಯಾರೂ ಕರೆಯಲಿಲ್ಲ.

ಪುಸ್ತಕ ಕೈಗೆ ಬಂದ ಕೂಡಲೇ ಆ ಪುಟಗಳನ್ನು ತೆರೆದೆ. ಬಲತುದಿಯ ಚೌಕ ಇರಲಿಲ್ಲ. ಪುಟದಲ್ಲಿ ಹಿಡಿಸದಿದ್ದರಿಂದ ಅಚ್ಚಿನವರು ಅಷ್ಟು ಭಾಗ ಕತ್ತರಿಸಿದ್ದರು. ಮೊದಲ ಪುಟಗಳಲ್ಲಿ ಹುಡುಕಿದೆ. 'ನಕ್ಷೆ ಮತ್ತು ಪರಿಕಲ್ಪನೆ: ಲೇಖಕರು' ಎಂದಿತ್ತು. ಕೊನೆಯ ಪುಟದ ಕೃತಜ್ಞತೆಯಲ್ಲಿ 'ಗೆರೆಗಳನ್ನು ಎಳೆಯಲು ನೆರವಾದವರಿಗೂ' ವಂದನೆ ಇತ್ತು. ಸಾಹೇಬರನ್ನು ಕೇಳಿದ್ದಕ್ಕೆ, "ಅಯ್ಯೋ, ಅವಸರದಾಗ ಬಿಟ್ಟು ಹೋಗೇತಿ. ಎರಡನೇ ಮುದ್ರಣಕ್ಕ ಹಾಕಸೋಣ" ಎಂದು ಬೆನ್ನು ತಟ್ಟಿದರು. ಮೊದಲ ಮುದ್ರಣದ ಕಟ್ಟುಗಳು ಈಗಲೂ ಅವರ ಮನೆಯ ಗೆಸ್ಟ್ ರೂಮಿನಲ್ಲಿವೆ. ಆ ರೂಮಿನ ಅಳತೆ ನನಗೆ ಗೊತ್ತು, ಇನ್ನೂ ಬಹಳ ಕಟ್ಟು ಹಿಡಿಸುತ್ತವೆ.

ಮನೆಗೆ ಬಂದು ಪುಸ್ತಕವನ್ನು ಮಂಚದ ಮೇಲೆ ಎಸೆದೆ. ನಗಬೇಕೆಂದು ನೋಡಿದೆ, ಆಗಲಿಲ್ಲ. ನಾನೂ ಆ ಪುಸ್ತಕದೊಳಗೆ ಅಪ್ ಡೌನ್ ಮಾಡಿದವಳೇ ಆದೆನಲ್ಲ.

ಅವ್ವ ಪುಸ್ತಕ ಎತ್ತಿಕೊಂಡು ಬೆಳಕಿಗೆ ಹಿಡಿದಳು. ಅವಳಿಗೆ ಓದಲು ಬರುವುದು ತನ್ನ ಹೆಸರೊಂದೇ, ಅದೂ ಗುತ್ತಿಗೆದಾರನ ಹಾಜರಿಗೆ ಸಹಿ ಬೇಕೆಂದು ಕಲಿತದ್ದು. ಪುಟ ತಿರುವುತ್ತ ತಿರುವುತ್ತ ಒಂದು ಕಡೆ ನಿಂತಳು.

"ಲೇ ಸುಜಾತಾ, ಇದು ನನ್ ಹೆಸರಲ್ಲೇನು?"

"ಹ್ಞೂನವ್ವ. ನಿಂದು ಬಂದೈತಿ, ನಂದು ಬಂದಿಲ್ಲ."

ಅವಳು ಬೆರಳಿನಿಂದ ಅಕ್ಷರಗಳನ್ನು ಒಂದೊಂದಾಗಿ ಸವರಿದಳು. "ನಾನಿಲ್ಲಿ ಏನ್ ಮಾಡಾಕತ್ತೀನಿ?"

ಹಡಗು, ನಕ್ಷತ್ರ, ಅಪ್ ಡೌನ್ ಎಲ್ಲ ಹೇಳಿದೆ. ಎರಡು ಅಡುಗೆಮನೆ ತೋರಿಸಿದೆ, ಶಟಲ್ ಕೋರ್ಟು ತೋರಿಸಿದೆ, ಪಕ್ಕದ ಪುಟದಲ್ಲಿ ಕ್ಯಾಪ್ಟನ್ನರ ಬಾಲ್ಕನಿಯ ಉಯ್ಯಾಲೆಯನ್ನೂ ತೋರಿಸಿದೆ. ಉಯ್ಯಾಲೆಯನ್ನು ಅವ್ವ ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಆಮೇಲೆ ಮತ್ತೆ ತನ್ನ ಹೆಸರಿಗೆ ಬಂದಳು.

"ಬಸ್ ಯಾವಾಗ ಬರ್ತೈತಿ?"

"ಬರಂಗಿಲ್ಲವ್ವ. ಅಲ್ಲಿ ಬಸ್ ಇಲ್ಲ, ರೋಡಿಲ್ಲ, ಊರೂ ಇಲ್ಲ."

"ಮತ್ತ ಇಲ್ಲ್ಯಾಕ ನಿಂದ್ರಲಿ?"

ಬೆರಳನ್ನು ಬಸ್ ಸ್ಟಾಪಿನಿಂದ ಎತ್ತದೆ ಹಾಗೇ ಸರಿಸಿದಳು. ಶಟಲ್ ಕೋರ್ಟಿನ ನಡುವಿನಿಂದಲೇ ಹಾದು, ಪಕ್ಕದ ಪುಟಕ್ಕೆ ಏರಿ, ಎರಡೂ ಅಡುಗೆಮನೆಗಳ ಗೋಡೆ ದಾಟಿ, ಕ್ಯಾಪ್ಟನ್ನರ ಕೋಣೆ ಹೊಕ್ಕು, ಬಾಲ್ಕನಿಗೆ ಬಂದು ಉಯ್ಯಾಲೆಯ ಮೇಲೆ ಬೆರಳಿಟ್ಟು ನಿಲ್ಲಿಸಿದಳು.

"ಇಲ್ಲಿ ಮಕ್ಕೊಂತೀನಿ. ಯಾರಾದ್ರು ಎಬ್ಬಸಾಕ ಬಂದ್ರ, ಬಸ್ ಬಂದ ಮ್ಯಾಲ ಎಬ್ಬಸ್ರಿ ಅಂತ ಹೇಳು."